ಗಂಡ ಮತ ಬಿಟ್ಟರೆ ಹೆಂಡತಿ ಗಂಡನನ್ನು ಬಿಡಬಹುದೇ?

ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ ವಿಷ್ಣುವರ್ಧನ ಜೈನ ಮತ ಬಿಟ್ಟು ವೈಷ್ಣವನಾದನೆಂದೇ ಪ್ರತೀತಿ. ಆದರೆ ಹಳೇಬೀಡಿನ ಪಾರ್ಶ್ವನಾಥ ಬಸದಿಯ 1133ರ ಶಾಸನ ನೋಡಿ: ಅದೇ ಅರಸ ಜಿನನ ಗಂಧೋದಕ ಸ್ವೀಕರಿಸಿ, ಗೆಲುವಿನ ಸಂಭ್ರಮದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಆಗಷ್ಟೇ ಹುಟ್ಟಿದ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಪಟ್ಟದರಸಿ ಶಾಂತಲೆಯೋ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದ ಜೈನಳು. ಈ ದಂಪತಿ ಇಂದು ಕೋರ್ಟಿಗೆ ಹೋದರೆ? ಹಿಂದೂ ವಿವಾಹ ಕಾಯ್ದೆಗೆ ಜೈನರೂ ಒಳಪಡುತ್ತಾರೆ, ಹಾಗಾಗಿ ಅರಸ ಮತ ಬದಲಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ. ಅವನು ಕ್ರೈಸ್ತನೋ ಮುಸ್ಲಿಮನೋ ಆಗಿದ್ದರೆ ಮಾತ್ರ 13ನೇ ಸೆಕ್ಷನ್ ಶಾಂತಲೆಗೆ ವಿಚ್ಛೇದನ ಕೇಳುವ ಹಕ್ಕು ಕೊಡುತ್ತಿತ್ತು. ನಿಜವಾದ ಅಚ್ಚರಿ ಇನ್ನೂ ಇದೆ. ಬೇರೆ ಬೇರೆ ಧರ್ಮದವರು ಮದುವೆಯಾಗುವ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮತಾಂತರವೆಂಬ ಕಾರಣವೇ ಇಲ್ಲ!

ಇದು ಕೈತಪ್ಪಿನಿಂದ ಆದದ್ದಲ್ಲ. ಆ ಮದುವೆ ಧರ್ಮದ ಮೇಲೆ ನಿಂತೇ ಇಲ್ಲ, ಧರ್ಮ ಬದಲಾದರೆ ಕುಸಿಯುವುದೇಕೆ? ಈ ತರ್ಕಕ್ಕೆ ಬರಲು ನಮಗೆ ಬಹಳ ಕಾಲ ಹಿಡಿಯಿತು. 1872ರ ಹಳೆಯ ಕಾಯ್ದೆಯಡಿ ಮದುವೆಯಾಗಲು 'ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ, ಜೈನನೂ ಅಲ್ಲ' ಎಂದು ಘೋಷಿಸಬೇಕಿತ್ತು.

ಹಾಗಾದರೆ ಸಂಗಾತಿ ಮತ ಬದಲಿಸಿ ಬಾಳು ಕಹಿಯಾದರೆ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗುವುದು ಮುಂತಾದ ಕಾರಣಗಳು ವಿಶೇಷ ವಿವಾಹ ಕಾಯ್ದೆಯಲ್ಲಿ ಇದ್ದೇ ಇವೆ. ಪರಸ್ಪರ ಒಪ್ಪಿಗೆಯ ವಿಚ್ಛೇದನವಂತೂ ಅದರಲ್ಲಿ 1954ರಿಂದಲೇ ಇತ್ತು. ಹಿಂದೂ ಕಾಯ್ದೆಗೆ ಬಂದದ್ದು 1976ರಲ್ಲಿ. ಹಿಂದೂ ಕಾಯ್ದೆಯ ಮತಾಂತರದ ಕಾರಣವೂ ಮತ ಬಿಟ್ಟವರ ಪಾಲಿನ ಅಸ್ತ್ರವಲ್ಲ, ಅದು ಸಿಗುವುದು ಉಳಿದ ಸಂಗಾತಿಗೆ. ಎರಡನೇ ಮದುವೆಗೆಂದು ಮುಸ್ಲಿಮನಾದ ಹಿಂದೂ ಗಂಡನ ಮೊದಲ ಮದುವೆ ಮುರಿಯುವುದಿಲ್ಲ ಎಂದು ಸರಳಾ ಮುದ್ಗಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನನ್ನ ತಕರಾರಿರುವುದು ಬಾಗಿಲಲ್ಲಿ: ಬಿಡುವಾಗ ಧರ್ಮ ಕೇಳದ ವಿಶೇಷ ವಿವಾಹ ಕಾಯ್ದೆಯಡಿ ಅರಸೀಕೆರೆಯ ಜೋಡಿ ಮದುವೆಯಾಗಬೇಕಾದರೆ, ಅವರ ಹೆಸರು, ವಿಳಾಸದ ನೋಟಿಸು 30 ದಿನ ಕಚೇರಿಯ ಬೋರ್ಡಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ತೂಗಬೇಕು.