ಕಿಟಕಿ ಮತ್ತು ಚಾರ್ಟ್

ರೈಲ್ವೆ ಟಿಕೆಟ್ ಕಾದಿರಿಸುವ ಕೆಲಸ ದೆಹಲಿಯಲ್ಲಿ ಕಂಪ್ಯೂಟರಿಗೆ ಹತ್ತಿದ್ದು 1985ರ ಹೊತ್ತಿಗೆ. ಸಿಎಂಸಿ ಸಂಸ್ಥೆ ರೂಪಿಸಿದ ಇಂಪ್ರೆಸ್ ವ್ಯವಸ್ಥೆ ಓಡಿದ್ದು ವ್ಯಾಕ್ಸ್ ಎಂಬ ಮಧ್ಯಮ ಗಾತ್ರದ ಯಂತ್ರಗಳ ಮೇಲೆ. ಅದಕ್ಕೂ ಮೊದಲು ಒಂದು ರೈಲಿನ ರಿಜಿಸ್ಟರ್ ಯಾವ ಕಿಟಕಿಯಲ್ಲಿತ್ತೋ ಅಲ್ಲಿಯೇ ಸರದಿ ನಿಲ್ಲಬೇಕಿತ್ತು. ನಡುವಿನ ಊರುಗಳ ಕೋರಿಕೆ ತಂತಿಯಲ್ಲಿ ಹೋಗಿ ಉತ್ತರಕ್ಕೆ ಕಾಯುತ್ತಿತ್ತು. ಯಾವ ಕಿಟಕಿಯಲ್ಲಾದರೂ ಯಾವ ರೈಲಿನ ಟಿಕೆಟ್ಟಾದರೂ ಸಿಗುವಂತೆ ಮಾಡಿದ್ದು, ಕೇಳಿದ ಕ್ಷಣವೇ ಉತ್ತರಿಸುವ ಇಂಟರ್‌ಆಕ್ಟಿವ್ ಪದ್ಧತಿ. ಅದರ ಗೆಲುವನ್ನು ಕಂಡವರಲ್ಲಿ ಅನೇಕರು, ಕೆಲಸವನ್ನು ಕೂಡಿಟ್ಟು ಒಟ್ಟಿಗೆ ಮುಗಿಸುವ ಬ್ಯಾಚ್ ಪದ್ಧತಿಯ ಕಾಲ ಮುಗಿಯಿತು ಎಂದುಕೊಂಡರು. ನಾನು ಇದನ್ನು ಒಪ್ಪುವುದಿಲ್ಲ. ಸಣ್ಣ ಊರಿನ ಪ್ರಯಾಣಿಕರಿಗೆ ನ್ಯಾಯ ದೊರಕುವುದು ಬಹುಮಟ್ಟಿಗೆ ಬ್ಯಾಚಿನಲ್ಲಿಯೇ.

ಕಿಟಕಿಯ ಕೆಲಸ ಹಗುರವೆಂದು ಹೇಳುತ್ತಿಲ್ಲ. ಎರಡು ಊರುಗಳ ಗುಮಾಸ್ತರು ಒಂದೇ ಗಳಿಗೆಯಲ್ಲಿ ಉಳಿದ ಒಂದೇ ಬರ್ತ್ ಕೇಳಿದರೆ, ಮೊದಲು ಬಂದ ಕೋರಿಕೆ ಆ ದಾಖಲೆಗೆ ಬೀಗ ಹಾಕಿ, ಓದಿ, ತಿದ್ದಿ, ಬೀಗ ತೆಗೆಯುವವರೆಗೆ ಎರಡನೆಯದು ತಡೆಯಲೇಬೇಕು. ಇಲ್ಲವಾದರೆ ಒಂದು ಬರ್ತ್ ಇಬ್ಬರಿಗೆ ಮಾರಿಹೋಗುತ್ತದೆ. ವ್ಯಾಕ್ಸ್ ಯಂತ್ರವನ್ನು ನಡೆಸುವ ವಿಎಂಎಸ್ ತಂತ್ರಾಂಶದಲ್ಲಿ ಫೈಲನ್ನು ಸಾಲಾಗಿ, ದಾಖಲೆಯ ಕ್ರಮಸಂಖ್ಯೆ ಹಿಡಿದು, ಇಲ್ಲವೇ ಸೂಚಿ ಕಟ್ಟಿ ಜೋಡಿಸಬಹುದಿತ್ತು. ಒಂದೊಂದು ದಾಖಲೆಗೂ ಪ್ರತ್ಯೇಕ ಬೀಗ ಬೀಳುತ್ತಿತ್ತು. ಇಡೀ ಫೈಲಿಗೆ ಬೀಗ ಬಿದ್ದರೆ ಎಲ್ಲ ಕಿಟಕಿಗಳೂ ನಿಂತುಬಿಡುತ್ತವೆ. ಹಾಗಾಗಿ ಹೊರಗಿನ ಸರದಿ ಎಷ್ಟು ಉದ್ದ ಬೆಳೆಯುತ್ತದೆ ಎಂಬುದು ಫೈಲು ಕಟ್ಟಿದವರ ಕೈಯಲ್ಲೂ ಇರುತ್ತದೆ.

ಆದರೆ ಕಿಟಕಿಗೆ ಕಾಣುವುದು ಆ ಕ್ಷಣ ಮಾತ್ರ; ಅದರ ಕೊರತೆ ತಟ್ಟುವುದು ಸಣ್ಣ ಊರುಗಳಿಗೆ. ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್ 29ರಂದು ಪೂರ್ತಿಯಾಗಿ ತೆರೆದ ಮೇಲೆ ಹುಮನಾಬಾದ್ ಆ ಮಾರ್ಗದ ನಡುವಿನ ಸ್ಟೇಷನ್ನಾಯಿತು. ಸುತ್ತಲಿನ ಮನ್ನಾಏಖೇಳ್ಳಿಯಂಥ ಊರಿನವರು ಹೋಗಿ ರೈಲು ಹತ್ತಬೇಕಾದದ್ದು ಅಂಥ ಸ್ಟೇಷನ್ನಿನಲ್ಲೇ. ನಡುವಿನ ಸ್ಟೇಷನ್ನುಗಳಿಗೆ ಸಿಗುವುದು ಹಲವು ಊರುಗಳು ಹಂಚಿಕೊಳ್ಳುವ ಚಿಕ್ಕ ಕೋಟಾ, ಅದರದೇ ವೇಟಿಂಗ್ ಲಿಸ್ಟ್. ರೈಲು ಹೊರಡುವ ಮೊದಲು ಯಾರಿಗೆ ಯಾವ ಬರ್ತ್ ಎಂಬ ಪಟ್ಟಿಯನ್ನು, ಅಂದರೆ ಚಾರ್ಟನ್ನು, ಮಾಡುವುದು ಬ್ಯಾಚ್ ಕೆಲಸ. ಆಗ ಯಂತ್ರ ಇಡೀ ರೈಲನ್ನು ಒಮ್ಮೆಗೇ ನೋಡುತ್ತದೆ: ಬಳಸದೆ ಉಳಿದ ಕೋಟಾಗಳು, ರದ್ದಾದ ಟಿಕೆಟ್ಟುಗಳು ಎಲ್ಲ ಒಂದೆಡೆ ಸೇರಿ, ರದ್ದತಿಯಾದರೆ ಬರ್ತ್ ಸಿಗುವ ಆರ್‌ಎಸಿಯವರಿಗೂ ವೇಟಿಂಗ್ ಲಿಸ್ಟಿನವರಿಗೂ ಹಂಚಿಕೆಯಾಗುತ್ತವೆ.

ಆ ಕೋಟಾಗಳನ್ನು ಮೊದಲೇ ತೆರೆದಿಟ್ಟು ಬೇಕಾದವರಿಗೆ ಆಗಲೇ ಕೊಡಬಾರದೇಕೆ ಎಂದು ಕೇಳಬಹುದು. ತುರ್ತಿಗೆಂದು ತೆಗೆದಿಟ್ಟ ಬರ್ತ್ ಎರಡು ತಿಂಗಳ ಮೊದಲೇ ಮಾರಾಟವಾದರೆ ತುರ್ತಿನ ದಿನ ಏನೂ ಉಳಿಯುವುದಿಲ್ಲ. ಮುಂಚಿತವಾಗಿ ಮಾರಿದರೆ ಅದು ಬೇಗ ಬೆರಳಾಡಿಸಿದವರ ಪಾಲಾಗುತ್ತದೆ, ವಾರಗಟ್ಟಲೆ ಮೊದಲೇ ಸಾಲಿನಲ್ಲಿ ನಿಂತವರಿಗಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ರೈಲು ಹೊರಡಲು ನಾಲ್ಕೇ ಗಂಟೆ ಇರುವಾಗ ಚಾರ್ಟ್ ಬಂದರೆ ದೂರದ ಊರಿನವರು ಗಂಟುಮೂಟೆ ಕಟ್ಟುವುದೋ ಬಿಡುವುದೋ? ಈ ಆಕ್ಷೇಪ ನ್ಯಾಯವಾದದ್ದು. ಆದರೆ ದೋಷ ಬ್ಯಾಚಿನದಲ್ಲ, ಅದಕ್ಕೆ ಇಟ್ಟ ಹೊತ್ತಿನದು. 2025ರಲ್ಲಿ ರೈಲ್ವೆ ಅದನ್ನು ಎಂಟು ಗಂಟೆ ಮೊದಲಿಗೆ ಸರಿಸಲು ತೀರ್ಮಾನಿಸಿತು. ಮಧ್ಯಾಹ್ನ 2ರೊಳಗೆ ಹೊರಡುವ ರೈಲಿನ ಚಾರ್ಟ್ ಹಿಂದಿನ ರಾತ್ರಿ 9ಕ್ಕೇ ಸಿದ್ಧವಾಗಬೇಕೆಂಬುದು ಆಗಿನ ತೀರ್ಮಾನವಾಗಿತ್ತು. ಬ್ಯಾಚನ್ನು ಕೈಬಿಡದೆಯೇ ತೊಂದರೆ ತಗ್ಗಿತು. ಚಾರ್ಟಿನ ಬಳಿಕ ಖಾಲಿ ಉಳಿದ ಬರ್ತನ್ನು ರೈಲಿನ ಟಿಕೆಟ್ ಪರೀಕ್ಷಕರ (ಟಿಟಿಇ) ಕೈಯಲ್ಲಿನ ಯಂತ್ರ ಮುಂದಿನ ಸ್ಟೇಷನ್ನುಗಳಿಗೆ ಬಿಟ್ಟುಕೊಡಬಲ್ಲದು. ಇಂಟರ್‌ಆಕ್ಟಿವ್ ಪದ್ಧತಿ ಹುಮನಾಬಾದಿನಂಥ ಊರುಗಳಿಗೆ ಹೆಚ್ಚು ನೆರವಾಗುವುದು, ಹೀಗೆ ಬ್ಯಾಚ್ ತನ್ನ ಪಾಲಿನ ಕೆಲಸ ಮುಗಿಸಿದ ನಂತರವೇ.