ಅಕ್ಕ ಕೇಳಿದ ಪ್ರಶ್ನೆ

ಮಧುಗಿರಿಯಲ್ಲಿ ಕನ್ನಡ ಪಾಠ ಹೇಳುತ್ತ ಆಯುಷ್ಯದ ಬಹುಭಾಗ ಕಳೆದ ನನ್ನಂಥವನು ವಿಜ್ಞಾನಿಯೊಬ್ಬನ ಸಂಶೋಧನೆಯನ್ನು ಕುರಿತು ಮಾತನಾಡ ಹೊರಟದ್ದು ಅಧಿಕಪ್ರಸಂಗವೆಂದು ತಮಗೆ ತೋರಬಹುದು. ಇದಕ್ಕೆ ಕಾರಣ ನನ್ನ ಅಕ್ಕ. ಕೊರಟಗೆರೆಯಲ್ಲಿ ಹುಟ್ಟಿ ಪಾವಗಡದ ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದವಳು ಆಕೆ. ಕಡಲೆಕಾಯಿ ಬಿಡಿಸುವ ಹೆಂಗಸರ ನಡುವೆ ಕುಳಿತು ಎಲೆಅಡಿಕೆಯೊಡನೆ ಕಡ್ಡಿಪುಡಿ ಹಾಕಿಕೊಳ್ಳುವ ಅಭ್ಯಾಸವಾಯಿತು. 1986ರಲ್ಲಿ ದವಡೆಯ ಒಳಗೆ ಹುಣ್ಣು ಕಾಣಿಸಿತು. ಅದು ಏಡಿಗಂತಿ, ಎಂದರೆ ಕ್ಯಾನ್ಸರು, ಎಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಬೆಂಗಳೂರಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ ಕೇಳಿದಳು: "ಅಲ್ಲ ಕಣೋ, ಕಾಲಿಗೆ ಮುಳ್ಳು ಮುರಿದ್ರೆ ಕೀವು ಮಾಡಿ ಆಚೆಗೆ ತಳ್ಳುತ್ತೆ ಮೈ. ಇದನ್ನ ಯಾಕೆ ಸುಮ್ಮನೆ ಬಿಟ್ಕೊಂಡು ಕೂತಿದೆ?"

ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಈ ಪ್ರಶ್ನೆಗೆ ಉತ್ತರ ಹುಡುಕಿದವನೊಬ್ಬನಿದ್ದಾನೆಂದು ನನಗೆ ತಿಳಿದದ್ದು 2018ರಲ್ಲಿ, ಆ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಘೋಷಣೆಯಾದಾಗ. ಜೇಮ್ಸ್ ಆಲಿಸನ್ ಹುಟ್ಟಿದ್ದು 1948ರಲ್ಲಿ, ಅಮೆರಿಕದ ಟೆಕ್ಸಾಸ್ ಪ್ರಾಂತದ ಆಲಿಸ್ ಎಂಬ ಸಣ್ಣ ಊರಿನಲ್ಲಿ. ತಂದೆ ವೈದ್ಯ. ಬಾಲಕನಿಗೆ ಇನ್ನೂ ಹನ್ನೊಂದು ತುಂಬುವ ಆಸುಪಾಸಿನಲ್ಲೇ ತಾಯಿ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಬಲಿಯಾದಳು. ಶಾಲೆಯಲ್ಲಿ ಡಾರ್ವಿನ್ನನ ಹೆಸರನ್ನೇ ಎತ್ತದೆ ಜೀವಶಾಸ್ತ್ರ ಕಲಿಸುತ್ತಾರೆಂದು ಆ ತರಗತಿಗೆ ಹೋಗಲೊಲ್ಲದೆ ಅಂಚೆಯ ಮೂಲಕ ಪಾಠ ಓದಿಕೊಂಡ ಹಟಮಾರಿ ಈತ. ಅಂಥ ಹುಡುಗರು ನನ್ನ ತರಗತಿಯಲ್ಲೂ ಇದ್ದರು. ಅವರನ್ನು ಸಹಿಸಿಕೊಳ್ಳುವುದು ಸುಲಭವಲ್ಲ.

ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ಕಂಡವರಿಗೆ ಈತನ ಶಾಸ್ತ್ರ ಹೇಳುವುದು ಕಷ್ಟವಲ್ಲ. ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಕಾವಲಿನವರಿದ್ದಾರೆ. ಬಾಗಿಲಲ್ಲಿ ನಿಂತು ಬಂದವರ ಮುಖ ನೋಡುವುದು ಅವರ ಉದ್ಯೋಗ. ಪರಕೀಯನನ್ನು ಗುರುತಿಸಲು ಅವು ಬಳಸುವ ಗ್ರಾಹಕ ಪ್ರೋಟೀನನ್ನು 1982ರಲ್ಲಿ ಗುರುತಿಸಿದವರಲ್ಲಿ ಆಲಿಸನ್ ಒಬ್ಬ. ಕ್ಯಾನ್ಸರಾದರೋ ಮನೆಯಲ್ಲೇ ಹುಟ್ಟಿ ಮನೆಯ ಮಾತನ್ನೇ ಆಡುವ ಶತ್ರು. ಆದ್ದರಿಂದ ಕಾವಲಿನವನಿಗೆ ಗುರುತೇ ಸಿಗದೆಂದು ಬಹುಮಂದಿ ತಿಳಿದಿದ್ದರು. ನಿಜಸ್ಥಿತಿ ಬೇರೆ. ಎಷ್ಟೋ ವೇಳೆ ಆತ ಗುರುತಿಸುತ್ತಾನೆ, ಈಟಿಯನ್ನೂ ಎತ್ತುತ್ತಾನೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಕೈ ಹಿಡಿಯುತ್ತಾರೆ. ಆ ಹಿಡಿತದ ಹೆಸರು ಸಿಟಿಎಲ್‌ಎ-4. ಅದು ಮೈಯ ದೋಷವಲ್ಲ. ಕೈ ಹಿಡಿಯುವವರಿಲ್ಲದಿದ್ದರೆ ಕಾವಲಿನವನು ಊರವರನ್ನೇ ಇರಿದಾನು.

ಹಾಗಾದರೆ ಆ ಹಿಡಿತವನ್ನು ಕೆಲಕಾಲ ಸಡಿಲಿಸಿದರೆ? ಇತರರು ಕ್ಯಾನ್ಸರಿನ ಮೇಲೆ ವಿಷ ಪ್ರಯೋಗಿಸುತ್ತಿದ್ದಾಗ ಆಲಿಸನ್ ಕ್ಯಾನ್ಸರಿನ ಗೊಡವೆಗೇ ಹೋಗದೆ ಕಾವಲಿನವನ ಕೈ ಬಿಡಿಸಲು ನೋಡಿದ. ಬರ್ಕ್ಲಿಯ ಪ್ರಯೋಗಶಾಲೆಯಲ್ಲಿ ಗೆಡ್ಡೆಯಿದ್ದ ಇಲಿಗಳಿಗೆ ಆ ಪ್ರೋಟೀನನ್ನು ತಡೆಯುವ ಪ್ರತಿಕಾಯವನ್ನು ಚುಚ್ಚಿದಾಗ ಗೆಡ್ಡೆಗಳು ಕರಗಿದವು. ನಂಬಿಕೆ ಸಾಲದೆ 1994ರ ಕ್ರಿಸ್‌ಮಸ್ ರಜೆಯಲ್ಲಿ ಪ್ರಯೋಗವನ್ನು ಮತ್ತೆ ಹೂಡಿ, ಯಾವ ಇಲಿಗೆ ಮದ್ದು ಬಿದ್ದಿದೆ ಎಂಬುದು ತನಗೇ ತಿಳಿಯದಂತೆ ಏರ್ಪಾಡು ಮಾಡಿಕೊಂಡು ಗೆಡ್ಡೆಗಳನ್ನು ತಾನೇ ಅಳೆದ. ಮೊದಮೊದಲು ಎಲ್ಲ ಗೆಡ್ಡೆಗಳೂ ಬೆಳೆಯುತ್ತಲೇ ಇದ್ದವು. ಆಮೇಲೆ ಒಂದು ಗುಂಪಿನವು ನಿಂತವು, ಕುಗ್ಗಿದವು. 1996ರಲ್ಲಿ ಲೇಖನ ಪ್ರಕಟವಾಯಿತು. ಔಷಧ ಕಂಪನಿಗಳು ಹಿಂಜರಿದವು. ಇಪಿಲಿಮುಮಾಬ್ ಎಂಬ ಆ ಮದ್ದಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2011ರಲ್ಲಿ, ಚರ್ಮದ ಮೆಲನೋಮ ಎಂಬ ಕ್ಯಾನ್ಸರಿಗೆ. ಕೈ ಬಿಡಿಸಿಕೊಂಡ ಕಾವಲಿನವನು ಕೆಲವರಲ್ಲಿ ಕರುಳನ್ನೂ ಚರ್ಮವನ್ನೂ ಇರಿದದ್ದುಂಟು. ಮದ್ದು ನಾಟದೆ ಹೋದ ರೋಗಿಗಳು ಬಹಳ.

ಮೆಲನೋಮ ನಮ್ಮ ಸೀಮೆಯಲ್ಲಿ ಅಪರೂಪ. ನಮ್ಮದು ಬಾಯಿಯ ಕ್ಯಾನ್ಸರು. ಆಲಿಸನ್ನನೊಡನೆ ನೊಬೆಲ್ ಹಂಚಿಕೊಂಡ ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1 ಎಂಬ ಇನ್ನೊಂದು ಹಿಡಿತವನ್ನು ಕಂಡಿತ್ತು. ಅದನ್ನು ಬಿಡಿಸುವ ನಿವೊಲುಮಾಬ್ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳಿಗೂ ಒದಗುತ್ತದೆ. ಆದರೆ ಅದರ ಬೆಲೆ ಪಾವಗಡದ ಬೇಸಾಯಗಾರ ಹೊಲ ಮಾರಿದರೂ ತೆರಲಾಗದಷ್ಟು.

ಶಿರಾದಲ್ಲಿ ವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಸಲ ಮನೆಗೆ ಬಂದಾಗ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ವಿವರಿಸಿದ. ರೋಗ ಬಲಿತಿದ್ದ 151 ಮಂದಿಯಲ್ಲಿ ಒಂದು ಪಾಲಿನವರಿಗೆ ಬರಿಯ ಗುಳಿಗೆಗಳು. ಇನ್ನೊಂದು ಪಾಲಿನವರಿಗೆ ಅವೇ ಗುಳಿಗೆಗಳ ಜೊತೆಗೆ ನಿವೊಲುಮಾಬ್, ಅದೂ ವಾಡಿಕೆಯ ಪ್ರಮಾಣದ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ: ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ. ವರ್ಷ ತುಂಬುವಾಗ ಬದುಕಿದ್ದವರ ಪ್ರಮಾಣ ಮೊದಲ ಪಾಲಿನಲ್ಲಿ ನೂರಕ್ಕೆ 16.3, ಎರಡನೆಯದರಲ್ಲಿ 43.4.

"ಇದು ಗುಣವಾಯಿತು ಅನ್ನುವ ಲೆಕ್ಕ ಅಲ್ಲ, ಮೇಷ್ಟ್ರೇ, ಬರೀ ಒಂದು ವರ್ಷದ ಲೆಕ್ಕ" ಎಂದು ಆತ ಎಚ್ಚರಿಸಿದ. ಆಗಲೆಂದೆ. ಆ ಬಸ್ಸಿನ ಪ್ರಯಾಣದ ಅನಂತರ ಅಕ್ಕ ಬದುಕಿದ್ದು ಏಳು ತಿಂಗಳು. ಅವಳ ಮೈ ಸುಮ್ಮನೆ ಕುಳಿತಿರಲಿಲ್ಲವೆಂದು ಅವಳಿಗೆ ಹೇಳಲು ಆಗ ನನಗೆ ತಿಳಿದಿರಲಿಲ್ಲ.