ದತ್ತು ಪತ್ರ ಕೈಗೆ ಬಂದರೆ ಭಯ ಹೋಗುತ್ತಾ?

ಇವತ್ತು ಇಂಗ್ಲೆಂಡಿನ ಒಂದು ಲೆಕ್ಕ ಹೇಳ್ತೀನಿ, ಕೇಳಿ. ಸರ್ಕಾರದ ಆರೈಕೆಯಲ್ಲಿದ್ದು ದತ್ತು ಹೋದ ಮಗುವಿನ ಹೆಸರಲ್ಲಿ ಅಲ್ಲಿನ ಸರ್ಕಾರಿ ಅನುದಾನದ ಶಾಲೆಗೆ ಪ್ರತಿ ವರ್ಷ ಹೆಚ್ಚುವರಿ ಹಣ ಬರುತ್ತೆ. 2014-15ರಲ್ಲಿ 1,900 ಪೌಂಡ್, 2024-25ರಲ್ಲಿ 2,570. ‘ಪ್ಯೂಪಿಲ್ ಪ್ರೀಮಿಯಂ ಪ್ಲಸ್’ ಅಂತ ಹೆಸರು.

ಯಾಕೆ ಕೊಡಬೇಕು? ಹೊಸ ಮನೆ ಸಿಕ್ಕಿತು ಅಂತ ಹಳೇ ಭಯ ಹೋಗಲ್ಲ. ಬಾಗಿಲು ಬಡಿದ ಸದ್ದಿಗೇ ಬೆಚ್ಚುವ ಮಗುವಿಗೆ ಮಗ್ಗಿ ತಲೆಗೆ ಹತ್ತೋದು ಹೇಗೆ? ಅದಕ್ಕೇ ಕೆಲವು ಶಾಲೆಗಳು ಈ ದುಡ್ಡನ್ನು ಆಪ್ತಸಲಹೆಗೆ, ಶಿಕ್ಷಕರ ತರಬೇತಿಗೆ ಬಳಸುತ್ತವೆ.

ಆದರೆ ತೊಡಕು ಎರಡು. ದತ್ತು ವಿಷಯವನ್ನು ಪೋಷಕರೇ ಶಾಲೆಗೆ ಹೇಳಬೇಕು, ಹೇಳದಿದ್ದರೆ ಹಣವಿಲ್ಲ. ಬಂದ ಹಣ ಆ ಮಗುವಿಗೇ ಖರ್ಚಾಗಬೇಕೆಂಬ ಕಟ್ಟುಪಾಡೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಮನೆಯ ಗುಟ್ಟನ್ನು ನಂಬಿ ಹೇಳಿದ ತಾಯಿಗೆ, ಅವಳ ಮಗುವಿಗೆ ಏನು ಸಿಕ್ಕಿತು ಅಂತ ಶಾಲೆ ಹೇಳಬೇಡವೇ?